ಏಕ, ಅನೇಕ ಮತ್ತು ಒಂದು ಮಸೂದೆ

ಪೌರನೀತಿ ಎಂಬ ಪದವನ್ನು ಶಾಲೆಯಲ್ಲಿ ಕೇಳುವುದಕ್ಕೆ ಕೆಲವು ವರ್ಷ ಮೊದಲೇ ಅದರ ಮೊದಲ ಪಾಠ ನನಗೆ ನಮ್ಮೂರಿನ ಪಟೇಲರ ಮನೆಯ ಪಡಸಾಲೆಯಲ್ಲಿ ಆಗಿಹೋಗಿತ್ತು. ಮಂಡ್ಯದಿಂದ ಹತ್ತು ಕಿಲೋಮೀಟರ್ ಒಳಗಿರುವ ನಮ್ಮೂರಿಗೆ 1986ರ ಹೊತ್ತಿಗೆ ಬಂದಿದ್ದುದು ಒಂದೇ ಟಿ.ವಿ.; ಅದೂ ಕಪ್ಪುಬಿಳುಪಿನದು. ಎರಡು ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ದೂರದರ್ಶನದವರು ಆಗಾಗ ಏಳು ನಿಮಿಷದ ಒಂದು ಕಾರ್ಟೂನನ್ನು ತೋರಿಸುತ್ತಿದ್ದರು. ಅದರಲ್ಲಿ ಒಬ್ಬ ಪುಟ್ಟ ಹುಡುಗ ತನ್ನ ಅಕ್ಕನನ್ನು ‘ಅನೇಕ’ ಎಂದರೇನೆಂದು ಕೇಳುತ್ತಾನೆ. ಅಕ್ಕ ಸೂರ್ಯ ಒಬ್ಬ, ನಕ್ಷತ್ರಗಳು ಅನೇಕ ಎಂದು ಒಂದೊಂದನ್ನೇ ತೋರಿಸಿ ಹೇಳುತ್ತಾಳೆ. ಆಮೇಲೆ ಬಲೆಗೆ ಬಿದ್ದ ಹಕ್ಕಿಗಳ ಕಥೆ ಬರುತ್ತದೆ. ಹಾಡು ಹಿಂದಿಯಲ್ಲಿತ್ತು. ನಮ್ಮ ಪಡಸಾಲೆಯಲ್ಲಿ ಕೂತಿದ್ದ ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೂ ಹಿಂದಿ ಬರುತ್ತಿರಲಿಲ್ಲ. ಆದರೆ ಏಕ, ಅನೇಕ, ಏಕತೆ ಎಂಬ ಮೂರು ಪದಗಳೂ ಕನ್ನಡದಲ್ಲೂ ಇರುವುದರಿಂದ ಕಥೆಯ ಬೀಗದ ಕೈ ನಮ್ಮ ಕೈಯಲ್ಲೇ ಇತ್ತು.

ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಪಕ್ಕದಲ್ಲೇ ಕೂತಿರುತ್ತಿದ್ದಳು. ತೆರೆಯ ಮೇಲಿನ ಹುಡುಗ ತನ್ನ ಅಕ್ಕನನ್ನು ಕೇಳಿದ್ದನ್ನೇ ನಾನೂ ಕೇಳಿದೆ.

“ಅಕ್ಕ, ಅನೇಕ ಅಂದ್ರೇನು?”

“ಬಾಳ ಇರೋದು ಕಣ್ಲಾ. ಒಂದಲ್ಲದ್ದು.”

‘ಒಂದಲ್ಲದ್ದು’ ಎಂಬ ಆ ಉತ್ತರ ಎಷ್ಟು ಸರಿಯಾಗಿತ್ತೆಂಬುದು ನನಗೆ ಹೈಸ್ಕೂಲಿನ ವ್ಯಾಕರಣದ ತರಗತಿಯಲ್ಲಿ ಗೊತ್ತಾಯಿತು. ಅನ್ ಸೇರಿ ಏಕ ಅನೇಕವಾಗುತ್ತದೆ. ಬಹುತ್ವವೆಂದರೆ ಒಂದು ಎಂಬುದರ ನಿರಾಕರಣೆ. ಹಾಗೆ ನಿರಾಕರಿಸಿ ಹೊರಟದ್ದು ಮತ್ತೆ ಏಕತೆಗೆ ಹೇಗೆ ಬರುತ್ತದೆಂಬುದೇ ಆ ಕಾರ್ಟೂನಿನ ವಸ್ತು. ಕಾಳು ತಿನ್ನಲು ಇಳಿದ ಹಕ್ಕಿಗಳ ಮೇಲೆ ಬೇಡ ಒಡ್ಡಿದ ಬಲೆ ಬೀಳುತ್ತದೆ. ಹಕ್ಕಿಗಳೆಲ್ಲ ಒಂದೇ ಏಟಿಗೆ ರೆಕ್ಕೆ ಬಡಿದು ಬಲೆಯನ್ನೇ ಹೊತ್ತು ಹಾರುತ್ತವೆ. ದೂರದ ಊರಿನ ಇಲಿಗಳು ಬಲೆಯನ್ನು ಕಡಿದು ಬಿಡಿಸುತ್ತವೆ. ಇದು ಪಂಚತಂತ್ರದ ಕಾಲದ ಕಥೆಯಾದ್ದರಿಂದ ನಮ್ಮಜ್ಜಿಗೆ ಮೊದಲೇ ಗೊತ್ತಿತ್ತು. ಟಿ.ವಿ. ನೋಡಲು ಬಾರದ ಅವಳಿಗೆ ನಾವು ಹೋಗಿ ಹೇಳಿದಾಗ, ಇಲಿಯ ಹೆಸರೇನೆಂದು ಅವಳೇ ನಮ್ಮನ್ನು ಕೇಳಿದಳು.

ಆ ಕಾರ್ಟೂನಿನ ವಿವರಗಳನ್ನು ನಾನು ತಿಳಿದುಕೊಂಡದ್ದು ಶಿಕ್ಷಕನಾದ ಮೇಲೆ. ಫಿಲ್ಮ್ಸ್ ಡಿವಿಷನ್ ಅದನ್ನು 1974ರಲ್ಲಿ ಹೊರತಂದಿತ್ತು. ನಿರ್ದೇಶಿಸಿದವರು ವಿಜಯಾ ಮುಳೆ, ಚಿತ್ರಗಳಿಗೆ ಚಲನೆ ಕೊಟ್ಟವರು ಭೀಮಸೇನ್, ಸಂಗೀತ ವಸಂತ ದೇಸಾಯಿಯವರದು, ಹಾಡಿದವರಲ್ಲಿ ಆಗ ಇನ್ನೂ ಬಾಲಕಿಯಾಗಿದ್ದ ಸಾಧನಾ ಸರ್ಗಮ್ ಇದ್ದರು. ಅತ್ಯುತ್ತಮ ಶೈಕ್ಷಣಿಕ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅದನ್ನು ಬಣ್ಣದಲ್ಲಿ ಮೊದಲ ಸಲ ನೋಡಿದಾಗ ನನಗೆ ಮೂವತ್ತು ದಾಟಿತ್ತು. ಹಕ್ಕಿಗಳ ಬಣ್ಣವನ್ನು ಅಲ್ಲಿಯವರೆಗೆ ನನ್ನ ಮನಸ್ಸೇ ತುಂಬಿಕೊಂಡಿದ್ದರಿಂದ, ತೆರೆಯ ಮೇಲಿನ ಬಣ್ಣಗಳಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ನನ್ನ ನೆನಪಿನಲ್ಲಿ ಅತ್ಯಂತ ಗಟ್ಟಿಯಾಗಿ ಉಳಿದಿರುವುದು ಹಕ್ಕಿಗಳಿಗಿಂತ ಮಾವಿನಹಣ್ಣು. ನಾವು ಚಿಕ್ಕವರೆಲ್ಲ ಒಂದಾದರೆ ದೊಡ್ಡ ಕೆಲಸ ಮಾಡಬಹುದೇ, ಮರದ ಮೇಲಿನ ಮಾವಿನಹಣ್ಣನ್ನೂ ಕೀಳಬಹುದೇ ಎಂದು ಮಕ್ಕಳು ಕೇಳುತ್ತಾರೆ. ಕೀಳಬಹುದು, ಆದರೆ ಜುಗತ್ ಮಾಡಬೇಕಾಗುತ್ತದೆ ಎಂದು ಅಕ್ಕ ಹೇಳುತ್ತಾಳೆ. ಜುಗತ್ ಎಂದರೆ ನಮ್ಮ ‘ಯುಕ್ತಿ’ಯೇ; ಒಂದೇ ಪದ ಹಿಂದಿಗೆ ಹೋಗಿ ತಾಳಿದ ರೂಪ. ಬರೀ ಒಗ್ಗಟ್ಟು ಸಾಲದು, ಒಗ್ಗಟ್ಟಾದವರಿಗೆ ಒಂದು ಉಪಾಯವೂ ಬೇಕು ಎಂಬ ಆ ಒಂದು ಮಾತಿನ ಮೇಲೆ ಕಾರ್ಟೂನು ನಿಲ್ಲದೆ ಮುಂದಕ್ಕೆ ಹೋಗುತ್ತದೆ. ನಾನು ಮಾತ್ರ ಈ ಮೂವತ್ತೈದು ವರ್ಷಗಳಲ್ಲಿ ಅಲ್ಲಿಗೇ ಮತ್ತೆ ಮತ್ತೆ ಹಿಂದಿರುಗಿದ್ದೇನೆ. ಅನೇಕರು ಏಕವಾಗಬೇಕೆಂಬುದನ್ನು ನಮಗೆ ಹಾಡು ಹೇಳಿಕೊಟ್ಟಿತು. ಅನೇಕರು ಕೂತು ಒಂದು ತೀರ್ಮಾನಕ್ಕೆ ಬರುವ ಯುಕ್ತಿ ಯಾವುದು, ಅದಕ್ಕೆ ನಮ್ಮ ದೇಶ ಮಾಡಿಕೊಂಡಿರುವ ದಾರಿ ಯಾವುದು ಎಂಬುದನ್ನು ಹೇಳಿಕೊಡುವ ಹಾಡು ನಮ್ಮ ಪಡಸಾಲೆಗೆ ಬರಲೇ ಇಲ್ಲ.

ಹಾಡಿಗೆ ಬಾರದ ಆ ಭಾಗ ಶಾಲೆಯಲ್ಲಿ ಬಾಯಿಪಾಠವಾಗಿ ಬಂತು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸುತ್ತಿದ್ದ ಕಾಲ ಅದು; ಎರಡೊಂದ್ಲ ಎರಡು ಎಂದು ಶುರುವಾದರೆ ಹತ್ತಿರದ ಮೂರು ಮನೆಗಳ ಮಕ್ಕಳ ದನಿಯೂ ಸೇರಿ ಬೀದಿಯೇ ಒಂದು ತಾಳಕ್ಕೆ ಬೀಳುತ್ತಿತ್ತು. ತಿಥಿ, ವಾರ, ನಕ್ಷತ್ರ, ಋತುಗಳೆಲ್ಲ ರಾಗದಲ್ಲೇ ಕಲಿತವು. ಪೌರನೀತಿಗೆ ಮಾತ್ರ ರಾಗವಿರಲಿಲ್ಲವಾದ್ದರಿಂದ ಅದನ್ನು ನಾನೇ ಮಗ್ಗಿಯ ರಾಗಕ್ಕೆ ಕೂರಿಸಿಕೊಂಡಿದ್ದೆ. ಲೋಕಸಭೆಗೆ ನಿಲ್ಲಲು 25 ವರ್ಷ, ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35 ತುಂಬಿರಬೇಕು. ಐದರ ಮಗ್ಗಿಯಲ್ಲಿ ಐದೈದ್ಲ, ಐದಾರ್ಲ, ಐದೇಳ್ಲ ಹೇಗೆ ಬರುತ್ತವೆಯೋ ಹಾಗೆಯೇ. ಆ ಮೂರು ಸಂಖ್ಯೆಗಳು ಇವತ್ತಿಗೂ ನನಗೆ ರಾಗದ ಜೊತೆಗೇ ನೆನಪಾಗುತ್ತವೆ. ರಾಗಕ್ಕೆ ಕೂರದ ಉಳಿದ ಸಂಖ್ಯೆಗಳನ್ನು ಶಿಕ್ಷಕನಾದ ಮೇಲೆ ಮತ್ತೆ ಕಲಿಯಬೇಕಾಯಿತು. ಪೌರ ಎಂದರೆ ಪುರದವನು, ಪಟ್ಟಣದವನು. ಹಳ್ಳಿಯ ಮಕ್ಕಳಾದ ನಮಗೆ ಆ ವಿಷಯದ ಹೆಸರೇ ಸ್ವಲ್ಪ ದೂರದ್ದಾಗಿತ್ತು. ಮೇಷ್ಟ್ರು ಒಳ್ಳೆಯವರು, ತಾಳ್ಮೆಯಿಂದ ಓದಿಸುತ್ತಿದ್ದರು. ಆದರೆ ವಿಧಾನಸಭೆ ಎಂಬುದು ನಮಗೆ ಪಟ್ಟಿಯೊಂದರ ಎಡಗಡೆಯ ಪದವಾಗಿತ್ತೇ ಹೊರತು ಜನ ಕೂತು ಮಾತಾಡುವ ಜಾಗವಾಗಿರಲಿಲ್ಲ.

ಆ ಕೊರತೆ ಎಷ್ಟು ದೊಡ್ಡದೆಂಬುದು 1991ರಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ ತಿಳಿಯಿತು. ಕಾವೇರಿ ನ್ಯಾಯಮಂಡಳಿ 1990ರಲ್ಲಿ ರಚನೆಯಾಗಿತ್ತು. ಮರುವರ್ಷ ಜೂನ್‌ನಲ್ಲಿ ಅದು ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೆ ಯಾರೂ ಕಲಿಸದೆ ಬರುವ ಪಾಠ. ಆ ವರ್ಷ ದೊಡ್ಡವರ ಮಾತೆಲ್ಲ ನೀರಿನ ಮಟ್ಟದ ಸುತ್ತಲೇ ಇರುತ್ತಿತ್ತು. ಬಂದ್ ಬಂದ್ ಎಂದು ಶಾಲೆಯ ಬಾಗಿಲು ಮುಚ್ಚುತ್ತಿತ್ತು. ಗದ್ದೆಗೆ ನೀರು ಬರುತ್ತದೋ ಇಲ್ಲವೋ ಎಂದು ಅಪ್ಪ ನಾಲೆಯ ಏರಿಯ ಮೇಲೆ ಕೂತು ಕಾಯುತ್ತಿದ್ದುದನ್ನು ನಾನು ನೋಡಿದ್ದೇನೆ. ಒಂದೇ ದೇಶದವರೆಲ್ಲ ಒಂದೇ ಎಂದು ಹಾಡಿದ ಕಾರ್ಟೂನು ನನ್ನ ತಲೆಯಲ್ಲಿತ್ತು. ಆ ಕಥೆಯಲ್ಲಿ ಹಕ್ಕಿಗಳೆಲ್ಲ ಒಂದು ಕಡೆ, ಬೇಡ ಇನ್ನೊಂದು ಕಡೆ. ಹಕ್ಕಿಗಳೇ ಕಾಳಿಗಾಗಿ ಎರಡು ಪಂಗಡವಾದರೆ, ಎರಡೂ ಪಂಗಡಕ್ಕೆ ನಿಜವಾದ ಹಸಿವಿದ್ದರೆ, ಆಗ ಏನು ಮಾಡಬೇಕೆಂಬುದು ಅದರಲ್ಲಿ ಇರಲಿಲ್ಲ.

ಸಂವಿಧಾನದಲ್ಲಿ ಅದಕ್ಕೂ ಒಂದು ದಾರಿ ಇದೆ. ಯಾವ ವಿಷಯಕ್ಕೆ ರಾಜ್ಯ ಕಾನೂನು ಮಾಡಬೇಕು, ಯಾವುದಕ್ಕೆ ಕೇಂದ್ರ ಎಂದು ಅದರಲ್ಲಿ ಪಟ್ಟಿಗಳಿವೆ. ನೀರು, ನೀರಾವರಿ, ನಾಲೆಗಳು ರಾಜ್ಯಪಟ್ಟಿಯ 17ನೆಯ ಬಾಬಿನಲ್ಲಿವೆ. ರಾಜ್ಯ ರಾಜ್ಯಗಳ ನಡುವೆ ಹರಿಯುವ ನದಿಗಳ ನಿಯಂತ್ರಣ ಮತ್ತು ಅಭಿವೃದ್ಧಿ ಕೇಂದ್ರಪಟ್ಟಿಯ 56ನೆಯ ಬಾಬಿನಲ್ಲಿದೆ. ಅಂಥ ನದಿಗಳ ವ್ಯಾಜ್ಯವನ್ನು ತೀರ್ಮಾನಿಸಲು ಸಂಸತ್ತು ಕಾನೂನು ಮಾಡಬಹುದೆಂದು 262ನೆಯ ವಿಧಿ ಹೇಳುತ್ತದೆ. ನಮ್ಮ ಮನೆಯ ಮುಂದಿನ ನಾಲೆಯಲ್ಲಿ ಹರಿಯುವ ನೀರಿಗೆ ಏಕಕಾಲದಲ್ಲಿ ಎರಡು ಪಟ್ಟಿಗಳ ನೆರಳು ಬೀಳುತ್ತದೆಂಬುದನ್ನು ಹನ್ನೆರಡು ವರ್ಷದ ನನಗೆ ಯಾರಾದರೂ ಒಂದು ರಾಗದಲ್ಲಿ ಹೇಳಿದ್ದರೆ ದುಃಖವೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಏನು ನಡೆಯುತ್ತಿದೆ ಎಂಬುದಾದರೂ ಗೊತ್ತಾಗುತ್ತಿತ್ತು. ಕೂಗು ಕೇಳುತ್ತಿದ್ದೆ, ಕಾರಣ ತಿಳಿಯುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಭಯವಾಗುವುದು ಅದರಿಂದಲೇ.

ಬೇರೆ ದೇಶದ ಮಕ್ಕಳಿಗೆ ಅಂಥ ಹಾಡುಗಳು ಇದ್ದವೆಂಬುದು ನನಗೆ ತಿಳಿದದ್ದು ಒಂದು ದಸರಾ ರಜೆಯಲ್ಲಿ. ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು ತನ್ನ ಒಂಬತ್ತು ವರ್ಷದ ಮಗಳೊಂದಿಗೆ ಮೈಸೂರಿಗೆ ಬಂದಿದ್ದಳು. ನಮ್ಮ ಮನೆಯ ಗೊಂಬೆಗಳ ಮುಂದೆ ಕೂತ ಆ ಹುಡುಗಿಯನ್ನು, ಪದ್ಧತಿಯಂತೆ, ಒಂದು ಹಾಡು ಹೇಳು ಮಗಳೇ ಎಂದು ಕೇಳಿದಾಗ ಅವಳು ಹಾಡಿದ್ದು ತನ್ನ ದೇಶದ ಸಂವಿಧಾನದ ಪ್ರಸ್ತಾವನೆಯನ್ನು. ಅಷ್ಟೂ ವಾಕ್ಯ, ಒಂದು ಸಾಧಾರಣ ಗಿಟಾರ್ ಧಾಟಿಯಲ್ಲಿ, ತಡವರಿಸದೆ. ಶಾಲೆಯಲ್ಲಿ ಟೀಚರ್ ತೋರಿಸಿದ ಹಳೆಯ ಕಾರ್ಟೂನಿನಿಂದ ಕಲಿತದ್ದೆಂದು ಅವಳ ಅಮ್ಮ ಹೇಳಿದಳು. ಆ ರಾತ್ರಿ ನಾನು ‘ಸ್ಕೂಲ್‌ಹೌಸ್ ರಾಕ್’ ಎಂಬ ಆ ಮಾಲಿಕೆಯ ಕಂತುಗಳನ್ನು ಒಂದಾದ ಮೇಲೊಂದರಂತೆ ನೋಡುತ್ತ ಕೂತೆ.

ಅದರ ಹುಟ್ಟಿನ ಕಥೆ ನಮ್ಮ ಮಗ್ಗಿಯ ಬೀದಿಗೆ ಹತ್ತಿರವಾದದ್ದು. ಡೇವಿಡ್ ಮೆಕಾಲ್ ಎಂಬ ಜಾಹೀರಾತು ಸಂಸ್ಥೆಯ ಮುಖ್ಯಸ್ಥರ ಮಗನಿಗೆ ಮಗ್ಗಿ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲವಂತೆ. ರಾಕ್ ಹಾಡುಗಳ ಸಾಲುಗಳು ಮಾತ್ರ ಸಲೀಸಾಗಿ ಬರುತ್ತಿದ್ದವಂತೆ. ಹಾಗಾದರೆ ಮಗ್ಗಿಯನ್ನೇ ಹಾಡಾಗಿಸಬಾರದೇಕೆ ಎಂದು ಅವರು ಬಾಬ್ ಡೊರೊ ಎಂಬ ಸಂಗೀತಗಾರರಿಗೆ ಕೇಳಿದರು. 1973ರ ಜನವರಿಯಿಂದ ಎ.ಬಿ.ಸಿ. ವಾಹಿನಿಯಲ್ಲಿ ಶನಿವಾರ ಬೆಳಗಿನ ಕಾರ್ಟೂನುಗಳ ನಡುವೆ ಸುಮಾರು ಮೂರು ಮೂರು ನಿಮಿಷದ ಈ ಹಾಡುಗಳು ಬರತೊಡಗಿದವು. ಗಣಿತ ಮುಗಿದು ವ್ಯಾಕರಣ, ವ್ಯಾಕರಣದ ಬೆನ್ನಿಗೆ ಚರಿತ್ರೆ ಮತ್ತು ಸರ್ಕಾರ. 1976ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 200 ವರ್ಷ ತುಂಬುತ್ತಿದ್ದುದರಿಂದ ಆ ಹೊತ್ತಿನಲ್ಲಿ ಪೌರನೀತಿಯ ಹಾಡುಗಳು ಬಂದವು. ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಡೇವ್ ಫ್ರಿಶ್‌ಬರ್ಗ್ ಬರೆದು ಜ್ಯಾಕ್ ಶೆಲ್ಡನ್ ಹಾಡಿದ ಮಸೂದೆಯ ಹಾಡು. ಸುರುಳಿ ಸುತ್ತಿದ ಕಾಗದವೊಂದು ಸಂಸತ್ ಭವನದ ಮೆಟ್ಟಿಲ ಮೇಲೆ ಕೂತು, ತಾನು ಸಮಿತಿಯಲ್ಲಿ ಸಿಕ್ಕಿಕೊಂಡಿರುವುದನ್ನೂ ಮುಂದೆ ದಾಟಬೇಕಾದ ಬಾಗಿಲುಗಳನ್ನೂ ಒಬ್ಬ ಹುಡುಗನಿಗೆ ವಿವರಿಸುತ್ತದೆ. ಶಾಲಾ ಬಸ್ಸುಗಳು ರೈಲ್ವೆ ಗೇಟಿನ ಬಳಿ ನಿಲ್ಲಬೇಕೆಂದು ಊರಿನ ಜನ ತಮ್ಮ ಪ್ರತಿನಿಧಿಗೆ ಹೇಳಿದ್ದರಿಂದ ಆ ಮಸೂದೆ ಹುಟ್ಟಿದ್ದು. ಈ ವಿವರ ನನ್ನನ್ನು ಬಹಳ ಹಿಡಿಯಿತು. ಕಾನೂನು ಎಂಬುದು ರಸ್ತೆಯಲ್ಲಿ ಹುಟ್ಟುತ್ತದೆ, ಯಾರೋ ಒಬ್ಬರು ಬಾಯಿಬಿಟ್ಟು ಕೇಳಿದ್ದರಿಂದ ಹುಟ್ಟುತ್ತದೆ ಎಂಬುದನ್ನು ಮೂರು ನಿಮಿಷದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ಪ್ರಸ್ತಾವನೆಯ ಹಾಡಿನಲ್ಲಿ ಒಂದು ಲೋಪವಿದೆ. ಧಾಟಿಗೆ ಕೂರಿಸುವಾಗ, ‘ಜನರಾದ ನಾವು’ ಎಂಬುದಕ್ಕೆ ಅಂಟಿಕೊಂಡಿರುವ ‘ಅಮೆರಿಕ ಸಂಯುಕ್ತ ಸಂಸ್ಥಾನದ’ ಎಂಬ ಮಾತನ್ನು ಮೊದಲ ಸಾಲಿನಲ್ಲಿ ಬಿಟ್ಟಿದ್ದಾರೆ. ಆ ಹುಡುಗಿಯೂ ಅದನ್ನು ಬಿಟ್ಟೇ ಹಾಡಿದ್ದಳು. ಹಾಡು ಬಿಟ್ಟದ್ದನ್ನು ನೆನಪೂ ಬಿಡುತ್ತದೆ. ಆದ್ದರಿಂದ ಮಕ್ಕಳ ಹಾಡು ಕಟ್ಟುವವರು ಒಂದೊಂದು ಪದಕ್ಕೂ ಹೊಣೆಗಾರರೆಂದು ನಾನು ನಂಬುತ್ತೇನೆ. ನಮ್ಮ ಪ್ರಸ್ತಾವನೆಯನ್ನು ಯಾರಾದರೂ 1974ರಲ್ಲಿ ಹಾಡಾಗಿಸಿದ್ದರೆ ಎರಡೇ ವರ್ಷದಲ್ಲಿ ತಿದ್ದಬೇಕಾಗುತ್ತಿತ್ತು: 1976ರ 42ನೆಯ ತಿದ್ದುಪಡಿ ಸಮಾಜವಾದಿ, ಜಾತ್ಯತೀತ ಎಂಬ ಪದಗಳನ್ನು ಸೇರಿಸಿತು; ರಾಷ್ಟ್ರದ ಏಕತೆ ಎಂದಿದ್ದುದು ಏಕತೆ ಮತ್ತು ಅಖಂಡತೆ ಎಂದಾಯಿತು. ಹಕ್ಕಿಗಳ ಕಾರ್ಟೂನು ಬಂದಾಗ ಪ್ರಸ್ತಾವನೆಯಲ್ಲಿ ಏಕತೆ ಒಂಟಿಯಾಗಿಯೇ ಇತ್ತು. ಆ ಏಕತೆಗೆ ಮುಂಚೆ ಬಂಧುತ್ವ ಬರುತ್ತದೆ, ಬಂಧುತ್ವದ ಜೊತೆಗೆ ವ್ಯಕ್ತಿಯ ಘನತೆ ಬರುತ್ತದೆ. ನಾನು ಪಾಠ ಮಾಡುವಾಗ ಈ ಅನುಕ್ರಮವನ್ನು ತಪ್ಪದೆ ಹೇಳುತ್ತೇನೆ, ಏಕೆಂದರೆ ಒಂದೊಂದು ಹಕ್ಕಿಗೂ ಘನತೆಯಿದ್ದರೆ ಮಾತ್ರ ಎಲ್ಲವೂ ಒಟ್ಟಿಗೆ ರೆಕ್ಕೆ ಬಡಿಯುವುದಕ್ಕೆ ಅರ್ಥ ಬರುತ್ತದೆ.

ಇಷ್ಟೆಲ್ಲ ಮೆಚ್ಚಿಕೊಂಡರೂ ಆ ಹಾಡುಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ತಪ್ಪಾಗುತ್ತದೆಂದು ನನಗೆ ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳೇ ತೋರಿಸಿವೆ. ಮೊಬೈಲಿನಲ್ಲಿ ಏನೇನೋ ನೋಡಿದ ಮಕ್ಕಳು, ರಾಷ್ಟ್ರಪತಿಗಳು ತಡೆದ ಮಸೂದೆಯನ್ನು ಸಂಸತ್ತು ಮೂರನೇ ಎರಡರಷ್ಟು ಬಹುಮತದಿಂದ ಮತ್ತೆ ಅಂಗೀಕರಿಸಬೇಕೆಂದು ಬರೆಯುತ್ತಾರೆ. ಅದು ಅಮೆರಿಕದ ಕ್ರಮ. ನಮ್ಮಲ್ಲಿ ರಾಷ್ಟ್ರಪತಿಗಳು ಮರುಪರಿಶೀಲನೆಗೆ ಹಿಂದಿರುಗಿಸಿದ ಮಸೂದೆಯನ್ನು ಸದನಗಳು ಸಾಮಾನ್ಯ ಬಹುಮತದಿಂದ ಮತ್ತೆ ಅಂಗೀಕರಿಸಿದರೆ ಸಾಕು. ಆಮೇಲೆ ಅವರು ಅಂಕಿತವನ್ನು ತಡೆಹಿಡಿಯುವಂತಿಲ್ಲ. ಅದೇ ಮಾಲಿಕೆಯ ಇನ್ನೊಂದು ಹಾಡು ಸರ್ಕಾರದ ಮೂರು ಅಂಗಗಳನ್ನು ಸರ್ಕಸ್ಸಿನ ಮೂರು ಬೇರೆ ಬೇರೆ ಕಣಗಳಿಗೆ ಹೋಲಿಸುತ್ತದೆ. ಅಲ್ಲಿಗೆ ಅದು ಸರಿ, ಏಕೆಂದರೆ ಅಲ್ಲಿ ಅಧ್ಯಕ್ಷರಾಗಲಿ ಅವರ ಸಂಪುಟದವರಾಗಲಿ ಶಾಸಕಾಂಗದ ಸದಸ್ಯರಲ್ಲ. ನಮ್ಮ ಮಂತ್ರಿಗಳು ಸದನದೊಳಗೇ ಕೂರುತ್ತಾರೆ. ಹೆಚ್ಚಿನ ಮಸೂದೆಗಳನ್ನು ಮಂಡಿಸುವವರೂ ಅವರೇ. ಸದನದ ವಿಶ್ವಾಸ ಹೋದ ದಿನ ಸರ್ಕಾರವೂ ಹೋಗುತ್ತದೆ. ಕಣ ಬೇರೆಯಾದ್ದರಿಂದ ಹಾಡೂ ಬೇರೆಯಾಗಲೇಬೇಕು.

ಮೈಸೂರು ಸೀಮೆಯವರಿಗೆ ಈ ವಿಷಯದಲ್ಲಿ ಎರವಲು ತರುವ ಅಗತ್ಯವೂ ಇಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಸೇರಿತು. ದಸರೆಗೆ ಊರಿಗೆ ಬಂದವರು ಅರಸರ ಮೆರವಣಿಗೆಯ ಜೊತೆಗೆ ದಿವಾನರು ಒಪ್ಪಿಸುವ ಆಡಳಿತದ ಲೆಕ್ಕವನ್ನೂ ಕೇಳಿ, ತಮ್ಮ ತಾಲ್ಲೂಕಿನ ಅಹವಾಲು ಹೇಳಿ ಹೋಗುತ್ತಿದ್ದರು. ಆ ಸಭೆಗೆ ಮೊದಲು ಕಾನೂನು ಮಾಡುವ ಅಧಿಕಾರವಿರಲಿಲ್ಲ. ಶಾಸನ ರಚನೆಗೆಂದೇ 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಪುರಭವನದ ಮುಂದಿನ ಬಸ್ ನಿಲ್ದಾಣದಲ್ಲಿ ನಿಂತ ಪ್ರತಿ ಸಲವೂ, ಆ ಕಟ್ಟಡ ರಂಗಾಚಾರ್ಲು ಅವರ ಸ್ಮಾರಕವೆಂದು ಪಕ್ಕದಲ್ಲಿ ನಿಂತವರಿಗೆ ಹೇಳಬೇಕೆನ್ನಿಸುತ್ತದೆ. ಅದೇ ಊರಿನಲ್ಲಿ ಲಲಿತಮಹಲ್ ರಸ್ತೆಯ ಕಡೆಗೆ ಹೋದರೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ. ಗುಂಡ್ಲುಪೇಟೆಯ ಆ ಮನುಷ್ಯ ಮಂತ್ರಿಯಾಗಿ ತಂದ 1983ರ ಕಾನೂನಿನಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಹುಟ್ಟಿದವು. 1987ರಲ್ಲಿ ಚುನಾವಣೆ ನಡೆದು ಕಾಲು ಭಾಗ ಸ್ಥಾನಗಳಿಗೆ ಹೆಣ್ಣುಮಕ್ಕಳು ಬಂದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಒಂದು ಕಾರ್ಟೂನು ಹಾಡಿಗೆ ಬೇಕಾದ ನಾಯಕ, ಕಥೆ, ಅಡ್ಡಹೆಸರು ಎಲ್ಲವೂ ಅಲ್ಲಿದೆ. ಹಾಡು ಕಟ್ಟುವವರು ಮಾತ್ರ ಇನ್ನೂ ಬರಬೇಕು.

ಧಾಟಿಗಂತೂ ನಮ್ಮಲ್ಲಿ ಕೊರತೆಯೇ ಇಲ್ಲ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವಾಗ, ಮುಂದಾಳು ಒಂದು ಮಾತೆತ್ತಿದರೆ ಹಿಮ್ಮೇಳದವರು ಅದನ್ನು ಹಿಡಿದು ಮುಂದಕ್ಕೆ ಒಯ್ಯುತ್ತಾರೆ. ಕೋಲಾಟದಲ್ಲಿ ಒಂದು ಸಾಲು ಕೇಳುತ್ತದೆ, ಎದುರು ಸಾಲು ಹೇಳುತ್ತದೆ, ಕೋಲುಗಳು ತಾಳ ಕೊಡುತ್ತವೆ. ತೊಂಬತ್ತರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನದ ಜಾಥಾಗಳು ನಮ್ಮೂರಿಗೆ ಬಂದಾಗ, ಹೆಬ್ಬೆಟ್ಟಿನ ಹೆಂಗಸರು ಅಕ್ಷರ ಕಲಿಯಲು ಬಂದು ಕೂತದ್ದು ಮೊದಲು ಹಾಡಿಗೆ, ಆಮೇಲೆ ಸ್ಲೇಟಿಗೆ. ನಮ್ಮಮ್ಮನೂ ಅವರಲ್ಲಿ ಒಬ್ಬಳು.

ಆದ್ದರಿಂದ ಹೋದ ವರ್ಷ, ಮಂಡ್ಯ ತಾಲ್ಲೂಕಿನ ನನ್ನ ಶಾಲೆಯ ಒಂಬತ್ತನೆಯ ತರಗತಿಯ 36 ಮಕ್ಕಳೊಂದಿಗೆ ಮಸೂದೆಯ ಹಾಡೊಂದನ್ನು ನಾವೇ ಕಟ್ಟಬೇಕೆಂದು ಹೊರಟೆ. ಯಾವ ವಿಷಯದ ಮಸೂದೆ ಎಂದು ಕೇಳಿದ್ದಕ್ಕೆ ಅವರು ತಡಮಾಡಲಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಟ್ರಾಕ್ಟರಿನ ಟ್ರೇಲರ್ ಮೀರಿ ಹರಡಿದ ಕಬ್ಬು ಹೊತ್ತ ಗಾಡಿಗಳು ಸಂಜೆಗತ್ತಲಲ್ಲಿ ನಮ್ಮ ರಸ್ತೆಯಲ್ಲಿ ಸಾಲಾಗಿ ಹೋಗುತ್ತವೆ. ಸೈಕಲ್ಲಿನಲ್ಲಿ ಮನೆಗೆ ಹೋಗುವ ಮಕ್ಕಳಿಗೆ ಹತ್ತಿರ ಬರುವವರೆಗೆ ಅವು ಕಾಣುವುದೇ ಇಲ್ಲ. ಗಾಡಿಯ ಹಿಂದೆ ದೊಡ್ಡ ಕೆಂಪು ದೀಪ ಇರಲೇಬೇಕು, ಇಲ್ಲದ ಗಾಡಿಗೆ ಶಾಲೆ ಬಿಡುವ ಹೊತ್ತಿನಲ್ಲಿ ರಸ್ತೆಗೆ ಬರಲು ಬಿಡಬಾರದು. ಇದು ಅವರ ಮಸೂದೆ.

ಹಾಡು ಶುರುವಾದದ್ದು ಕೋಲಾಟದ ಪ್ರಶ್ನೋತ್ತರವಾಗಿ:

ಎಲ್ಲಿಗೆ ಹೊಂಟೆ ಮಸೂದೆಯಣ್ಣ?
ಕೆಳಮನೆ ಬಾಗಿಲ ತಟ್ಟೋಕೆ.
ಅಲ್ಲಿಗೆ ಹೋಗೋದು ಯಾಕಣ್ಣ?
ಮೂರ್ಸಲ ಓದ್ಸಿ ತಿದ್ಸೋಕೆ.

ಈ ನಾಲ್ಕು ಸಾಲಿಗೆ ಒಂದು ವಾರ ಹಿಡಿಯಿತು, ಏಕೆಂದರೆ ಮೂರು ಸಲ ಓದುವುದೇಕೆಂದು ಮಕ್ಕಳು ಒಪ್ಪಿಕೊಳ್ಳುವವರೆಗೆ ಆ ಸಾಲನ್ನು ಹಾಡಲು ಸಿದ್ಧರಿರಲಿಲ್ಲ. ಮೊದಲನೆಯ ಓದು ಮಂಡನೆ. ಎರಡನೆಯದರಲ್ಲಿ ಒಂದೊಂದು ಖಂಡವನ್ನೂ ಹಿಡಿದು ಚರ್ಚೆ, ತಿದ್ದುಪಡಿ. ಮೂರನೆಯದು ಒಟ್ಟು ಮಸೂದೆಯನ್ನು ಒಪ್ಪುವುದೋ ಬಿಡುವುದೋ ಎಂಬ ತೀರ್ಮಾನ. ಶಾಲೆ ಬಿಡುವ ಹೊತ್ತು ಎಂದರೆ ಎಷ್ಟರಿಂದ ಎಷ್ಟರವರೆಗೆ, ಭಾನುವಾರವೂ ಸೇರುತ್ತದೆಯೇ, ಎತ್ತಿನ ಗಾಡಿಗೂ ದೀಪ ಬೇಕೇ ಎಂದು ತಮ್ಮ ಮಸೂದೆಯನ್ನೇ ಅವರು ಕಿತ್ತಾಡಿ ತಿದ್ದಿದ ಮೇಲೆ ಎರಡನೆಯ ಓದು ಎಂದರೇನೆಂದು ನಾನು ವಿವರಿಸಬೇಕಾಗಲಿಲ್ಲ. ಕಬ್ಬಿನ ಗಾಡಿ ಇರುವ ಮನೆಯ ಹುಡುಗ ಎದ್ದು, ದೀಪದ ಖರ್ಚನ್ನು ಕಾರ್ಖಾನೆಯವರು ಕೊಡಬೇಕೋ ನಮ್ಮಪ್ಪ ಕೊಡಬೇಕೋ ಎಂದು ಕೇಳಿದ. ಆ ಪ್ರಶ್ನೆಗೆ ಹಾಡಿನಲ್ಲಿ ಜಾಗ ಸಿಗಲಿಲ್ಲವಾದರೂ ಆ ವಾರದ ಅತ್ಯುತ್ತಮ ಪ್ರಶ್ನೆ ಅದೇ.

ಮೇಲ್ಮನೆಯ ಹತ್ತಿರ ಬಂದಾಗ ಹೆಸರೇ ತೊಡಕಾಯಿತು. ಮೇಲಿನ ಮನೆಯೆಂದರೆ ಹೆಚ್ಚು ಅಧಿಕಾರವೆಂದು ಎಲ್ಲರೂ ತಿಳಿದಿದ್ದರು. ವಿಧಾನಸಭೆಯ 224 ಮಂದಿಯನ್ನು ಜನ ನೇರವಾಗಿ ಆರಿಸುತ್ತಾರೆ. ಪರಿಷತ್ತಿನ 75 ಮಂದಿಯಲ್ಲಿ 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳವರು, 25 ಮಂದಿಯನ್ನು ಶಾಸಕರು, ತಲಾ 7 ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ, ಉಳಿದ 11 ಮಂದಿ ರಾಜ್ಯಪಾಲರಿಂದ ನಾಮಕರಣಗೊಂಡವರು. ಶಿಕ್ಷಕರು ಆರಿಸುವ ಏಳರಲ್ಲಿ ಒಬ್ಬರಿಗೆ ನಾನೂ ಮತ ಹಾಕುತ್ತೇನೆಂದಾಗ ಮಕ್ಕಳು ನನ್ನನ್ನು ಹೊಸಬನಂತೆ ನೋಡಿದರು. ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು, ಸಭೆ ಮತ್ತೆ ಅಂಗೀಕರಿಸಿ ಕಳಿಸಿದಾಗ ಇನ್ನೊಂದು ತಿಂಗಳು ತಡೆಯಬಹುದು. ಹಣಕಾಸು ಮಸೂದೆಯಾದರೆ 14 ದಿನ ಮಾತ್ರ.

ಮೇಲ್ಮನೇಲಿ ಎಷ್ಟು ದಿನ ಇರ್ತೀಯೆ?
ಮೂರು ತಿಂಗ್ಳು, ಸಾಲ್ದಿದ್ರೆ ಇನ್ನೊಂದು.
ಆಮೇಲೂ ಬ್ಯಾಡ ಅಂತಂದ್ರೆ?
ಕೆಳಮನೆ ಮಾತೇ ಮುಂದು.

ರಾಜ್ಯಪಾಲರ ಚರಣ ಮಾತ್ರ ಇನ್ನೂ ಮುಗಿದಿಲ್ಲ. 200ನೆಯ ವಿಧಿಯಂತೆ ಅವರು ಅಂಕಿತ ಹಾಕಬಹುದು, ತಡೆಹಿಡಿಯಬಹುದು, ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಬಹುದು. ಹಿಂದಿರುಗಿಸುವುದಾದರೆ ಆದಷ್ಟು ಬೇಗ ಹಿಂದಿರುಗಿಸಬೇಕು. “ಆದಷ್ಟು ಬೇಗ ಅಂದ್ರೆ ಎಷ್ಟು ದಿನ ಸಾರ್?” ಎಂದು ಒಬ್ಬಳು ಕೇಳಿದಳು. ವಿಧಿಯಲ್ಲಿ ದಿನದ ಲೆಕ್ಕವಿಲ್ಲವೆಂದಾಗ, ಲೆಕ್ಕವಿಲ್ಲದೆ ಪ್ರಾಸ ಹೇಗೆ ಕೂರಿಸುವುದೆಂಬುದು ಅವಳ ಮುಂದಿನ ಪ್ರಶ್ನೆ. ಅದರ ಮೇಲೆ ಇನ್ನೊಂದು ತೊಡಕು ಎದ್ದಿತು. ಮೋಟಾರು ವಾಹನಗಳ ವಿಷಯ ಸಮವರ್ತಿ ಪಟ್ಟಿಯದು, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದದ್ದು. ಸಂಸತ್ತಿನ 1988ರ ಮೋಟಾರು ವಾಹನ ಕಾಯ್ದೆ ಈಗಾಗಲೇ ಜಾರಿಯಲ್ಲಿದೆ. ನಮ್ಮ ಮಸೂದೆ ಅದಕ್ಕೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಪಡೆದರಷ್ಟೇ ಕರ್ನಾಟಕದಲ್ಲಿ ನಿಲ್ಲುತ್ತದೆ. ಮಸೂದೆಯಣ್ಣ ದೆಹಲಿಗೂ ಹೋಗಿಬರಬೇಕೋ ಬೇಡವೋ ಎಂಬುದರ ಮೇಲೆ ತರಗತಿ ಎರಡಾಯಿತು. ಮತಕ್ಕೆ ಹಾಕಿದಾಗ 19 ಮಂದಿ ಹೋಗಲಿ ಎಂದರು, 17 ಮಂದಿ ಬೇಡವೆಂದರು. ಗೆದ್ದವರು ದೆಹಲಿಯ ಚರಣ ಬರೆಯುತ್ತಿದ್ದಾರೆ. ಸೋತವರು ತಮ್ಮ ಆಕ್ಷೇಪಕ್ಕೂ ಎರಡು ಸಾಲು ಬೇಕೆಂದು ಕೇಳಿದ್ದಾರೆ, ಕೊಟ್ಟಿದ್ದೇವೆ. ಚಿತ್ರ ಬರೆಯುವ ಮಕ್ಕಳು ಹಾಳೆಯ ಮೂಲೆಗೆ ಸಂಖ್ಯೆ ಹಾಕಿಕೊಂಡು ಬರೆದ ನೂರಕ್ಕೂ ಹೆಚ್ಚು ಚಿತ್ರಗಳನ್ನು ನನ್ನ ಮೊಬೈಲಿನಲ್ಲಿ ಒಂದೊಂದಾಗಿ ಸೆರೆಹಿಡಿದು ಓಡಿಸಿದರೆ, ಮಸೂದೆಯಣ್ಣ ಪೇಟ ಸುತ್ತಿಕೊಂಡು ಮೆಟ್ಟಿಲು ಹತ್ತುವುದು ಹತ್ತು ಸೆಕೆಂಡಿನಷ್ಟು ಕಾಣುತ್ತದೆ.

ಆ ಹತ್ತು ಸೆಕೆಂಡನ್ನೂ ಎರಡು ಚರಣದ ಧ್ವನಿಮುದ್ರಿಕೆಯನ್ನೂ ಅಕ್ಕನಿಗೆ ಕಳಿಸಿದೆ. ಅವಳೀಗ ಮದ್ದೂರಿನಲ್ಲಿದ್ದಾಳೆ, ಮೊಮ್ಮಗನನ್ನು ಆಡಿಸುತ್ತಾಳೆ. ರಾತ್ರಿ ಫೋನ್ ಮಾಡಿ ಎರಡು ಸಲ ಕೇಳಿದೆನೆಂದಳು. ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಎಲ್ಲ ಮಕ್ಳೂ ಹಾಡವ್ರೇನ್ಲಾ? ದನಿ ಕಮ್ಮಿ ಅದೆ.”

ಎಲ್ಲರೂ ಹಾಡಿರಲಿಲ್ಲ. ಹಿಂದಿನ ಬೆಂಚಿನ ನಾಲ್ವರು ಹುಡುಗರು ದನಿ ಒಡೆದಿದೆಯೆಂದು ಹಿಂದೆ ಸರಿದಿದ್ದರು. ಮುದ್ರಿಕೆ ಚೆನ್ನಾಗಿ ಬರಲೆಂದು ನಾನೂ ಒತ್ತಾಯಿಸಿರಲಿಲ್ಲ. ಮಾರನೆಯ ದಿನ ಮೇಲ್ಮನೆಯ ಉತ್ತರದ ಸಾಲುಗಳನ್ನು ಆ ನಾಲ್ವರಿಗೆ ಕೊಟ್ಟು, ಶ್ರುತಿಯನ್ನು ಅವರ ದನಿಗೆ ಇಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆವು.